ಎರಡು ಕೆಲಸದ ನಡುವೆ ಒಂದು ವಾರ



ನಮ್ಮ ನಾಡಿನ ಲಕ್ಷಾಂತರ ಹೆಣ್ಣುಮಕ್ಕಳು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಬೆಂಗಳೂರು, ರಾಮನಗರ, ದೊಡ್ಡಬಳ್ಳಾಪುರ, ಮದ್ದೂರು, ಎಲ್ಲ ಕಡೆಯೂ ಕಾರ್ಖಾನೆಗಳಿವೆ. ಬೆಳಿಗ್ಗೆ ವ್ಯಾನ್ ಹತ್ತಿದರೆ ಮನೆ ಸೇರುವುದು ಕತ್ತಲಾದ ಮೇಲೆ.

ಕೆಲವು ಸಲ ಒಂದು ಕಾರ್ಖಾನೆ ಬಿಟ್ಟು ಇನ್ನೊಂದಕ್ಕೆ ಸೇರುತ್ತೇವೆ. ನಡುವೆ ಒಂದು ವಾರ ಮನೆಯಲ್ಲಿ ಇರುತ್ತೇವೆ. ಆಗ ಮನೆಯವರು ಏನು ಹೇಳುತ್ತಾರೆ?

“ಹೆಂಗೂ ಮನೇಲೇ ಇದ್ದೀಯಲ್ಲ, ಅಟ್ಟ ಗುಡಿಸು.”

“ಹೆಂಗೂ ಮನೇಲೇ ಇದ್ದೀಯಲ್ಲ, ರಗ್ಗು ಒಗೆದುಬಿಡು.”

ಕೆಲಸ ಮಾಡೋಣ. ಆದರೆ ಯಾವ ಕೆಲಸ ಮೊದಲು? ಈ ವಾರ ನೋಡಬೇಕಾದ್ದು ಮೂರು ಇವೆ. ನಮ್ಮ ದುಡ್ಡು, ನಮ್ಮ ಮನೆ, ನಮ್ಮ ಮೈ.

ಮೊದಲು ಕಾಗದ, ಆಮೇಲೆ ಕಸಬರಿಕೆ

ಹಳೇ ಕಾರ್ಖಾನೆಯಲ್ಲಿ ನಮ್ಮ ದುಡ್ಡು ಉಳಿದಿರುತ್ತದೆ. ಅದನ್ನು ಕೇಳಿ ಪಡೆಯಬೇಕು. ಕೊನೆಯ ತಿಂಗಳ ಸಂಬಳ ಬಂತೇ? ಉಳಿದ ರಜೆಯ ಹಣ ಬಂತೇ? ಬೋನಸ್ ಬಾಕಿ ಇದೆಯೇ?

ಒಂದೇ ಕಾರ್ಖಾನೆಯಲ್ಲಿ 5 ವರ್ಷ ಪೂರ್ತಿ ದುಡಿದಿದ್ದರೆ ಗ್ರಾಚ್ಯುಟಿ ಬರುತ್ತದೆ. ಒಂದು ವರ್ಷದ ಸೇವೆಗೆ 15 ದಿನದ ಸಂಬಳ ಎಂದು ಲೆಕ್ಕ. ತಿಂಗಳನ್ನು 26 ದಿನ ಎಂದು ಹಿಡಿಯುತ್ತಾರೆ. ಲೆಕ್ಕಕ್ಕೆ ಸಿಗುವ ಸಂಬಳ 10,000 ರೂಪಾಯಿ ಎಂದುಕೊಳ್ಳಿ. 5 ವರ್ಷಕ್ಕೆ ಸುಮಾರು 28,800 ರೂಪಾಯಿ ಆಗುತ್ತದೆ. ಇದು ಸಣ್ಣ ಮೊತ್ತವಲ್ಲ. ಆದ್ದರಿಂದ 5 ವರ್ಷ ತುಂಬಲು ಎರಡು ಮೂರು ತಿಂಗಳು ಇದೆ ಎಂದಾದರೆ ಕೆಲಸ ಬಿಡಲು ಅವಸರ ಮಾಡಬೇಡಿ.

ಇನ್ನು ಪಿಎಫ್. ಮೂಲ ಸಂಬಳ ಮತ್ತು ಡಿಎ ಸೇರಿ 10,000 ರೂಪಾಯಿ ಇದ್ದರೆ, ತಿಂಗಳಿಗೆ ನಮ್ಮಿಂದ 1,200 ಹಿಡಿಯುತ್ತಾರೆ. ಮಾಲೀಕರೂ 1,200 ಕಟ್ಟಬೇಕು. ಮಾಲೀಕರ ಹಣದಲ್ಲಿ 833 ರೂಪಾಯಿ ಪಿಂಚಣಿಗೆ ಹೋಗುತ್ತದೆ. ಉಳಿದ 367 ನಮ್ಮ ಪಿಎಫ್ ಖಾತೆಗೆ ಬರುತ್ತದೆ.

ನಮಗೆ 12 ಅಂಕಿಯ ಒಂದು ಯುಎಎನ್ ನಂಬರ್ ಇರುತ್ತದೆ. ಕಾರ್ಖಾನೆ ಬದಲಾದರೂ ಈ ನಂಬರ್ ಬದಲಾಗುವುದಿಲ್ಲ. ಹೊಸ ಕಾರ್ಖಾನೆಯಲ್ಲಿ ಇದೇ ನಂಬರ್ ಕೊಡಿ. “ನಂಗೆ ಗೊತ್ತಿಲ್ಲ ಸಾರ್” ಎಂದರೆ ತೊಂದರೆ ಶುರು. ಎರಡು ನಂಬರ್ ಆಗುತ್ತವೆ. ಹಳೇ ಹಣ ಒಂದು ಕಡೆ, ಹೊಸ ಹಣ ಇನ್ನೊಂದು ಕಡೆ ಉಳಿಯುತ್ತದೆ.

ಹಳೇ ಕಾರ್ಖಾನೆಯವರು ನೀವು ಕೆಲಸ ಬಿಟ್ಟ ತಾರೀಖನ್ನು ಪಿಎಫ್ ಖಾತೆಯಲ್ಲಿ ಹಾಕಿರಬೇಕು. ಹಾಕಿದ್ದಾರೆಯೇ ಎಂದು ಕೇಳಿ. ಆಧಾರ್‌ನಲ್ಲಿ ಇರುವ ಹೆಸರು, ಹುಟ್ಟಿದ ತಾರೀಖು ಪಿಎಫ್‌ನಲ್ಲೂ ಹಾಗೇ ಇರಬೇಕು. ಒಂದು ಅಕ್ಷರ ತಪ್ಪಿದರೂ ಹಣ ಸಿಗಲು ಅಲೆದಾಟ. ನೀವು ಈಗ ಓದು ಕಲಿತಿದ್ದೀರಿ. ನಿಮ್ಮ ಹೆಸರನ್ನು ನೀವೇ ಓದಿ ನೋಡಿ.

“ಪಿಎಫ್ ತೆಗೆದು ಸಾಲ ತೀರಿಸೋಣ” ಎಂದು ಮನೆಯಲ್ಲಿ ಮಾತು ಬರಬಹುದು. ದುಡುಕಬೇಡಿ. ಪಿಂಚಣಿ ಬರಲು ಒಟ್ಟು 10 ವರ್ಷದ ಸೇವೆ ಬೇಕು. ಒಂದು ಕಾರ್ಖಾನೆಯ 4 ವರ್ಷ, ಇನ್ನೊಂದರ 6 ವರ್ಷ ಸೇರಿದರೆ 10 ಆಗುತ್ತದೆ. ನಡುವೆ ಪಿಂಚಣಿ ಹಣವನ್ನೂ ತೆಗೆದುಬಿಟ್ಟರೆ ಆ 4 ವರ್ಷ ಲೆಕ್ಕದಿಂದ ಹೋಗುತ್ತದೆ. ಹಣವನ್ನು ಹೊಸ ಖಾತೆಗೆ ವರ್ಗ ಮಾಡಿಸುವುದು ಒಳ್ಳೆಯದು.

ಪಿಎಫ್ ನಮ್ಮ ಬೆವರಿನ ಹಣ. ಇದನ್ನು ಬೆಂಗಳೂರಿನ ಹೆಣ್ಣುಮಕ್ಕಳು ಚೆನ್ನಾಗಿ ತಿಳಿದಿದ್ದರು. 2016ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂದಿತು. ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದಿತು. ಆ ವರ್ಷ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಗೆ ಇಳಿದರು. 19ರಂದೇ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ತೆಗೆಯುವ ಹಕ್ಕು ನಮ್ಮದು. ಯಾವಾಗ ತೆಗೆಯಬೇಕು ಎಂಬ ವಿವೇಕವೂ ನಮ್ಮದಾಗಲಿ.

ಇಎಸ್‌ಐ ನಂಬರ್ ಕೂಡ ಒಂದೇ. ಅದು 10 ಅಂಕಿಯದು. ಹಳೇ ಕಾರ್ಡನ್ನು ಬಿಸಾಡಬೇಡಿ. ಬಸುರಿ ಬಾಣಂತನದ ಹಣ ಸಿಗಬೇಕಾದರೆ ಇಷ್ಟು ದಿನ ಕಂತು ಕಟ್ಟಿರಬೇಕು ಎಂಬ ಲೆಕ್ಕ ಇದೆ. ಹೊಸ ನಂಬರ್ ಮಾಡಿಸಿದರೆ ಹಳೇ ದಿನಗಳು ಆ ಲೆಕ್ಕಕ್ಕೆ ಸೇರಿಸಲು ಕಷ್ಟವಾಗುತ್ತದೆ.

ಸಂಬಳದ ಚೀಟಿ, ನೇಮಕದ ಕಾಗದ, ಸೇವಾ ಪತ್ರ, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ. ಅಕ್ಕಿ ಡಬ್ಬದ ಹಾಗೆ ಅದಕ್ಕೂ ಮನೆಯಲ್ಲಿ ಒಂದು ಜಾಗ ಇರಲಿ.

ಖರ್ಚಿಲ್ಲದ ಮನೆಗೆಲಸ

ವಾರದಲ್ಲಿ 6 ದಿನದ ಕೂಲಿ ಇಲ್ಲ. ತಿಂಗಳಿಗೆ 10,000 ರೂಪಾಯಿ ಸಂಬಳ ಎಂದರೆ ಸುಮಾರು 2,300 ರೂಪಾಯಿ ಕಡಿಮೆಯಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಈಗ ಬಣ್ಣ ಹೊಡೆಸುವುದು, ಹೊಸ ಪಾತ್ರೆ ತರುವುದು ಬೇಡ. ಕೈಯಲ್ಲೇ ಆಗುವ ಕೆಲಸ ಮಾಡೋಣ.

ನೀರಿನ ಡ್ರಮ್ಮು, ತೊಟ್ಟಿ: ಡೆಂಗ್ಯೂ ಜ್ವರ ಹರಡುವ ಸೊಳ್ಳೆ ನಿಂತ ನೀರಿನಲ್ಲಿ ಮೊಟ್ಟೆ ಇಡುತ್ತದೆ. ನೀರು ಶುದ್ಧವಾಗಿದ್ದರೂ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ. ಒಳಗೆ ತಿಕ್ಕಿ ತೊಳೆಯಿರಿ, ಏಕೆಂದರೆ ಮೊಟ್ಟೆ ಗೋಡೆಗೆ ಅಂಟಿರುತ್ತದೆ. ಒಣಗಿಸಿ, ನೀರು ತುಂಬಿ, ಬಟ್ಟೆ ಕಟ್ಟಿ ಮುಚ್ಚಿ.

ಬೇಳೆ ಕಾಳು: ಬಿಸಿಲಿಗೆ ಹರಡಿ, ಆರಿದ ಮೇಲೆ ಡಬ್ಬಕ್ಕೆ ಹಾಕಿ. ತೊಗರಿ ಬೇಳೆಗೆ ಸ್ವಲ್ಪ ಹರಳೆಣ್ಣೆ ಸವರಿದರೆ ಹುಳ ಬೇಗ ಬೀಳುವುದಿಲ್ಲ.

ಬಚ್ಚಲ ನೀರು: ಬೀದಿಗೆ ಹರಿದು ಕೊಚ್ಚೆಯಾಗುವ ನೀರನ್ನು ಬಾಳೆಗಿಡದ ಕಡೆ ತಿರುಗಿಸಿ. ಜಾಗ ಇದ್ದರೆ ಒಂದು ನುಗ್ಗೆ ಕೊಂಬೆ ನೆಡಿ. ಬಸಳೆ ಬಳ್ಳಿಯ ತುಂಡು ನೆಟ್ಟರೂ ಚಿಗುರುತ್ತದೆ. ಬಾಡಿಗೆ ಮನೆಯವರು ಹಳೇ ಬಕೆಟ್ಟಿನಲ್ಲಿ ಬಸಳೆ ಬೆಳೆಸಬಹುದು. ಸೊಪ್ಪಿನ ಗಿಡಕ್ಕೆ ಮಾತ್ರ ಸೋಪಿನ ನೀರು ಬೇಡ, ಅಕ್ಕಿ ತೊಳೆದ ನೀರು ಹಾಕಿ.

ಹೊಲಿಗೆ: ನಮ್ಮ ಕೈ ಕಾರ್ಖಾನೆಯಲ್ಲಿ ದಿನಕ್ಕೆ ನೂರಾರು ಅಂಗಿಗೆ ಹೊಲಿಗೆ ಹಾಕುತ್ತದೆ. ಮನೆಯಲ್ಲಿ ಮಗನ ಅಂಗಿಗೆ ಗುಂಡಿ ಇರುವುದಿಲ್ಲ! ಆ ಗುಂಡಿ ಹಾಕುವುದಕ್ಕೂ ಈಗ ಸಮಯ. ಮಗನಿಗೂ ಗುಂಡಿ ಹಾಕುವುದನ್ನು ಕಲಿಸಿ.

ನಮ್ಮ ಮೈ, ನಮ್ಮ ಕಣ್ಣು

ಕೆಲಸದ ದಿನಗಳಲ್ಲಿ ಆಸ್ಪತ್ರೆಗೆ ಹೋದರೆ ಕೂಲಿ ಹೋಗುತ್ತದೆ. ಆದ್ದರಿಂದ ಸುಸ್ತು, ಕಣ್ಣು ಮಂಜು, ಸೊಂಟ ನೋವು ಎಲ್ಲವನ್ನೂ ತಡೆದುಕೊಂಡಿರುತ್ತೇವೆ. ಈ ವಾರ ಅರ್ಧ ದಿನ ಎತ್ತಿಡಿ. ರಕ್ತ ಪರೀಕ್ಷೆ ಮಾಡಿಸಿ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು. ಕಡಿಮೆ ಇದ್ದರೆ ಡಾಕ್ಟರು ಕಬ್ಬಿಣದ ಮಾತ್ರೆ ಕೊಡುತ್ತಾರೆ. ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬೇಡಿ. ಮೈಗೆ ಹಿಡಿಯುವುದಿಲ್ಲ. ಸೂಜಿಗೆ ದಾರ ಪೋಣಿಸುವುದು ಕಷ್ಟವಾಗಿದ್ದರೆ ಕಣ್ಣು ತೋರಿಸಿ. ಕನ್ನಡಕ ಹಾಕುವುದು ನಾಚಿಕೆಯ ಮಾತಲ್ಲ.

ಈ ವಾರ ಮಕ್ಕಳಿಗೆ ಹಬ್ಬ. ಶಾಲೆಯಿಂದ ಬಂದಾಗ ಅಮ್ಮ ಮನೆಯಲ್ಲಿ ಇರುತ್ತಾಳೆ. ಅವರ ಪುಸ್ತಕ ತೆಗೆದು ನೋಡಿ. ಅವರು ಓದಲಿ, ನೀವೂ ಓದಿ.

ಎಲ್ಲ ಕೆಲಸವನ್ನೂ ಒಬ್ಬರೇ ಮಾಡಬೇಡಿ. ಡ್ರಮ್ಮು ತೊಳೆಯಲು ಯಜಮಾನರನ್ನು ಕರೆಯಿರಿ. ಅಂಗಳ ಗುಡಿಸಲು ಮಗನಿಗೂ ಹೇಳಿ, ಮಗಳಿಗೊಬ್ಬಳಿಗೇ ಬೇಡ. ಮುಂದಿನ ಸೋಮವಾರ ಮತ್ತೆ ವ್ಯಾನ್ ಬರುತ್ತದೆ. ಈ ವಾರ ಕಲಿತ ಕೆಲಸವನ್ನು ಆಗ ಅವರೇ ಮಾಡಿಕೊಳ್ಳಬೇಕು. ಮಧ್ಯಾಹ್ನ ಒಂದು ಗಳಿಗೆ ನೀವು ಕಾಲು ಚಾಚಿ ಮಲಗಿದರೆ ಮನೆ ಮುಳುಗುವುದಿಲ್ಲ.

ಮಾತಾಡಿ, ಬರೆಯಿರಿ

1. ನಿಮ್ಮ ಯುಎಎನ್ ನಂಬರ್, ಇಎಸ್‌ಐ ನಂಬರ್ ಈ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಳ್ಳಿ.
2. ನಿಮ್ಮ ಸಂಬಳದ ಚೀಟಿ ತನ್ನಿ. ಪಿಎಫ್‌ಗೆ ಎಷ್ಟು ಹಿಡಿದಿದ್ದಾರೆ? ಗುಂಪಿನಲ್ಲಿ ಓದಿ ಹೇಳಿ.
3. ನಿಮ್ಮ ಮನೆಯಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ? ಪಟ್ಟಿ ಮಾಡಿ. ಯಾರ ಹೆಸರು ಹೆಚ್ಚು ಸಲ ಬಂತು?