ಕಡಲೊಳಗಿನ ಸುಣ್ಣದ ಊರು

ಹವಳದ ದಿಬ್ಬವೆಂದರೆ ಅಕ್ಕಿಕಾಳಿನಷ್ಟು ಸಣ್ಣ ಪ್ರಾಣಿಗಳು ಸಾವಿರಾರು ವರ್ಷ ಕೂಡಿ ಕಟ್ಟಿದ ಸುಣ್ಣದ ಊರು. ಆ ಪ್ರಾಣಿಗೆ ಪಾಲಿಪ್ ಎಂದು ಹೆಸರು. ಮೆತ್ತನೆಯ ಚೀಲದಂಥ ಮೈ, ಮೇಲುಗಡೆ ಒಂದು ಬಾಯಿ, ಬಾಯಿಯ ಸುತ್ತ ಕುಟುಕುವ ಎಳೆಗಳು. ಇಷ್ಟೇ ಅದರ ದೇಹ. ಸಮುದ್ರದ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಹೀರಿ, ತನ್ನ ಕೆಳಗೆ ಕ್ಯಾಲ್ಸಿಯಂ ಕಾರ್ಬೊನೇಟಿನ ಪುಟ್ಟ ಬಟ್ಟಲೊಂದನ್ನು ಅದು ಕಟ್ಟಿಕೊಳ್ಳುತ್ತದೆ. ಹಳೆಯ ಬಟ್ಟಲಿನ ಮೇಲೆ ಹೊಸದು, ಅದರ ಮೇಲೆ ಮತ್ತೊಂದು ಏರುತ್ತ ಹೋಗಿ ದಿಬ್ಬವಾಗುತ್ತದೆ. ಯಾದಗಿರಿ, ಶಹಾಪುರ, ಸುರಪುರದ ಮನೆಗಳಲ್ಲಿ ಕಾಲಡಿ ಇರುವ ಪರಸಿ ಕಲ್ಲಿನ ಮುಖ್ಯ ವಸ್ತುವೂ ಇದೇ. ಸುಟ್ಟರೆ ಎಲೆ ಅಡಿಕೆಯ ಸುಣ್ಣವಾಗುವುದೂ ಇದೇ.

ಈ ಸಾಮ್ಯ ಆಕಸ್ಮಿಕವಲ್ಲ. ಶಹಾಬಾದಿನಿಂದ ಗೋಗಿ, ಹುಣಸಗಿಗಳ ಕಡೆಗೆ ಚಾಚಿರುವ ಸುಣ್ಣಕಲ್ಲಿನ ಪದರಗಳನ್ನು ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹ ಎನ್ನುತ್ತಾರೆ. ಒಂದು ಕಾಲಕ್ಕೆ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಯಾದಗಿರಿ ಕೋಟೆಯ ಬೆಟ್ಟದಂಥ ಹಳೆಯ ಗ್ರಾನೈಟ್ ಬಂಡೆಗಳ ನೆಲದ ಮೇಲೆ ಅದರ ಸುಣ್ಣದ ಕೆಸರು ಪದರ ಪದರವಾಗಿ ಕೂತು ಕಲ್ಲಾಯಿತು. ಆದರೆ ಪರಸಿಯಲ್ಲಿ ಹವಳ ಹುಡುಕಿದರೆ ಸಿಗುವುದಿಲ್ಲ. ಇಂದು ದಿಬ್ಬ ಕಟ್ಟುವ ಹವಳಗಳ ವಂಶ ಸುಮಾರು 24 ಕೋಟಿ ವರ್ಷದ್ದು. ಪರಸಿಯ ಸಮುದ್ರ ಅದಕ್ಕಿಂತ ಬಹಳ ಮೊದಲಿನದು. ಅಂಥ ಪುರಾತನ ಸಮುದ್ರಗಳಲ್ಲಿ ದಿಬ್ಬ ಕಟ್ಟುವ ಕೆಲಸ ಸೂಕ್ಷ್ಮಜೀವಿಗಳದ್ದಾಗಿತ್ತು. ಅವು ಕಟ್ಟಿದ ಸ್ಟ್ರೊಮಾಟೊಲೈಟ್ ಎಂಬ ಪದರುಗಲ್ಲುಗಳನ್ನು ಬಾಗಲಕೋಟೆ ಸೀಮೆಯ ಕಲಾದಗಿ ಶಿಲೆಗಳಲ್ಲಿ ಇಂದಿಗೂ ನೋಡಬಹುದು. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಆದಿಮಾನವರು ಸುಮಾರು 12 ಲಕ್ಷ ವರ್ಷಗಳ ಹಿಂದೆ ಕೈಗೊಡಲಿ ಮಾಡಿಕೊಂಡದ್ದು ಇದೇ ಕಡಲಗಲ್ಲಿನ ಚಪ್ಪಡಿಗಳನ್ನು ಒಡೆದು; ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರ ಉತ್ಖನನ ಅದನ್ನು ತೋರಿಸಿಕೊಟ್ಟಿತು.

ಹವಳವೆಂದ ಕೂಡಲೇ ಬಯಲುಸೀಮೆಯವರಿಗೆ ನೆನಪಾಗುವುದು ಉಂಗುರದ ಕೆಂಪು ಹರಳು. ಅದು ದಿಬ್ಬ ಕಟ್ಟುವ ಹವಳವಲ್ಲ. ಆಭರಣದ ಹೆಸರಾಂತ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ್ದು. ಬೆಳಕು ಕಡಿಮೆಯಿರುವ ಬಂಡೆಗಳ ಸಂದಿಯಲ್ಲಿ ಅತಿ ನಿಧಾನವಾಗಿ ಬೆಳೆಯುತ್ತದೆ, ಅದರ ಅಸ್ಥಿಪಂಜರವೇ ಕೆಂಪು. ದಿಬ್ಬದ ಹವಳದ ಬಣ್ಣ ಇರುವುದು ಮಾಂಸದಲ್ಲಿ. ಸತ್ತರೆ ಉಳಿಯುವುದು ಬಿಳಿ ಸುಣ್ಣ. ಕುಜದೋಷ ಕಳೆಯಲೆಂದು ಸಾಲ ಮಾಡಿಯಾದರೂ ಹವಳದುಂಗುರ ಕೊಳ್ಳುವವರು ಇದ್ದಾರೆ. ಸತ್ತ ಪ್ರಾಣಿಯೊಂದರ ಸುಣ್ಣದ ತುಣುಕಿಗೆ ಮದುವೆ ಕೂಡಿಸುವ ಶಕ್ತಿಯೂ ಇಲ್ಲ, ಗ್ರಹವನ್ನು ತಿರುಗಿಸುವ ಶಕ್ತಿಯೂ ಇಲ್ಲ. ದಿಬ್ಬದ ಹವಳದ ನಿಜವಾದ ಶಕ್ತಿ ಕಾಣುವುದು ಜೀವಂತವಾಗಿ ನೀರಿನಲ್ಲಿ ಇರುವಾಗ.

ಆ ಶಕ್ತಿಯ ಗುಟ್ಟು ಒಂದು ಪಾಲುದಾರಿಕೆ. ಪಾಲಿಪ್‌ನ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳು ಬೀಡುಬಿಟ್ಟಿರುತ್ತವೆ. ಹಗಲು ಅವು ಬಿಸಿಲಿನಲ್ಲಿ ಸಕ್ಕರೆ ತಯಾರಿಸಿ ಹೆಚ್ಚು ಪಾಲನ್ನು ಮನೆಯೊಡೆಯನಿಗೇ ಕೊಡುತ್ತವೆ. ರಾತ್ರಿ ಪಾಲಿಪ್ ಎಳೆಗಳನ್ನು ಚಾಚಿ ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಇಷ್ಟಾದರೂ ಗುಂಡು ಬಂಡೆಯಂತೆ ಬೆಳೆಯುವ ಪೊರೈಟಿಸ್ ಹವಳ ವರ್ಷಕ್ಕೆ ಏರುವುದು ಸುಮಾರು ಒಂದು ಸೆಂಟಿಮೀಟರ್. ಆಳು ಎತ್ತರದ ದಿಬ್ಬವನ್ನು ಒಂದು ಲಂಗರು ಒಂದೇ ಏಟಿಗೆ ಮುರಿದರೆ, ಹಾಳಾದದ್ದು ಒಂದೂವರೆ ಶತಮಾನದ ದುಡಿಮೆ.

ಪಾಚಿಗೆ ಬಿಸಿಲು ಬೇಕು, ಬಿಸಿಲು ಇಳಿಯಲು ತಿಳಿನೀರು ಬೇಕು. ಕರ್ನಾಟಕದ ಕರಾವಳಿಯ ಅಂಚಿನಲ್ಲಿ ಹವಳ ವಿರಳವಾಗಿರುವುದು ಇದರಿಂದಲೇ. ಮುಂಗಾರಿನಲ್ಲಿ ಕಾಳಿ, ಶರಾವತಿ, ನೇತ್ರಾವತಿಗಳು ಸಿಹಿನೀರನ್ನೂ ಮಣ್ಣನ್ನೂ ತಂದು ಕಡಲಂಚಿಗೆ ಸುರಿಯುತ್ತವೆ. ಯಾದಗಿರಿ ಸೀಮೆಯ ಮಣ್ಣು ಹೊತ್ತು ಪೂರ್ವಕ್ಕೆ ಹರಿಯುವ ಕೃಷ್ಣೆಯ ಮುಖಜ ಭೂಮಿಯ ಬಳಿಯೂ ಹವಳದ ದಿಬ್ಬಗಳಿಲ್ಲ. ಆದ್ದರಿಂದ ಹವಳ ನೋಡಬೇಕಾದವರು ದಡದಿಂದ ದೂರ ಹೋಗಬೇಕು. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ಅಂಥ ಜಾಗ. ಅದು ಹವಳದಿಂದಾದ ದ್ವೀಪವಲ್ಲ, ಕಡಲಿನಿಂದ ಎದ್ದ ಬಂಡೆ. ಹವಳ ಅದರ ಮುಳುಗಿದ ಮೈಗೆ ಅಲ್ಲಲ್ಲಿ ಹತ್ತಿಕೊಂಡಿದೆ. ಮಳೆಗಾಲ ಕಳೆದು ನೀರು ತಿಳಿಯಾದ ತಿಂಗಳುಗಳಲ್ಲಿ ಇಲ್ಲಿ ಬಾಯಲ್ಲಿ ಕೊಳವೆ ಕಚ್ಚಿ ತೇಲುತ್ತ ನೋಡುವ ಸ್ನಾರ್ಕೆಲಿಂಗ್ ಮತ್ತು ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ಇಳಿಯುವ ಸ್ಕೂಬಾ ಎರಡೂ ನಡೆಯುತ್ತವೆ. ಚಿಟ್ಟೆಮೀನುಗಳು ಜೋಡಿಯಾಗಿ ಓಡಾಡುತ್ತವೆ. ಗಿಳಿಮೀನುಗಳು ಸುಣ್ಣದ ಮೇಲಿನ ಪಾಚಿಯನ್ನು ಕೆರೆದು ತಿಂದು, ಸುಣ್ಣವನ್ನು ಮರಳಾಗಿ ಹೊರಹಾಕುತ್ತವೆ.

ಇಂಥ ತಾಣದಲ್ಲಿ ಮೊದಲ ಸಲ ಮುಳುಗಿದವರನ್ನು ಬಣ್ಣಕ್ಕಿಂತ ಹೆಚ್ಚು ಬೆರಗುಗೊಳಿಸುವುದು ಸದ್ದು. ಕಡಲಡಿ ಮೌನವಿದೆ ಎಂಬುದು ಬಹುಕಾಲದ ತಪ್ಪು ನಂಬಿಕೆ. ದಿಬ್ಬದ ಹತ್ತಿರ ಒಗ್ಗರಣೆಯ ಸಾಸಿವೆ ಸಿಡಿದಂತೆ ಚಟಪಟ ಎಡೆಬಿಡದೆ ಕೇಳುತ್ತದೆ. ಅದು ಬೆರಳುದ್ದದ ಒಂದು ಸೀಗಡಿಯ ಕೆಲಸ. ಅದರ ಎರಡು ಚಿಮಟಗಳಲ್ಲಿ ಒಂದು ವಿಪರೀತ ದೊಡ್ಡದು. ಅದನ್ನು ಫಟ್ಟನೆ ಮುಚ್ಚಿದಾಗ ನೀರಿನ ಧಾರೆ ಸೆಕೆಂಡಿಗೆ ಸುಮಾರು 25 ಮೀಟರ್ ವೇಗದಲ್ಲಿ ಚಿಮ್ಮುತ್ತದೆ; ಆ ವೇಗಕ್ಕೆ ಒತ್ತಡ ಕುಸಿದು ನೀರಿನಲ್ಲೇ ಒಂದು ಗುಳ್ಳೆ ಹುಟ್ಟುತ್ತದೆ. ಸದ್ದು ಬರುವುದು ಚಿಮಟದ ತುದಿಗಳು ಬಡಿದುಕೊಂಡದ್ದರಿಂದ ಎಂದು ತಿಳಿಯಲಾಗಿತ್ತು. 2000ದಲ್ಲಿ ಅತಿವೇಗದ ಕ್ಯಾಮೆರಾ ಇಟ್ಟು ನೋಡಿದ ವಿಜ್ಞಾನಿಗಳಿಗೆ ನಿಜ ಗೊತ್ತಾಯಿತು: ಸಿಡಿಯುವುದು ಚಿಮಟವಲ್ಲ, ಕುಸಿಯುವ ಗುಳ್ಳೆ. ಮರುವರ್ಷ ಇನ್ನೊಂದು ಅಚ್ಚರಿ ಹೊರಬಿತ್ತು. ಗುಳ್ಳೆ ಕುಸಿಯುವ ಕ್ಷಣದಲ್ಲಿ ಅದರೊಳಗಿನ ತಾಪಮಾನ 5,000 ಕೆಲ್ವಿನ್ ಮೀರಿ, ಬರಿಗಣ್ಣಿಗೆ ಕಾಣದಷ್ಟು ಮಂದವಾದ ಬೆಳಕೊಂದು ಮಿಂಚುತ್ತದೆ. ಸೀಗಡಿಗೆ ಇದೊಂದು ಆಯುಧ. ಆ ಹೊಡೆತಕ್ಕೆ ಸಣ್ಣ ಬೇಟೆ ತತ್ತರಿಸಿ ಬೀಳುತ್ತದೆ.

ಈ ಸದ್ದು ಬೇರೆಯವರಿಗೆ ದಾರಿ ತೋರುತ್ತದೆ. ಮೀನಿನ ಮರಿಗಳೂ ಹವಳದ ಮರಿಗಳೂ ಮೊದಲ ದಿನಗಳನ್ನು ತೆರೆದ ಕಡಲಿನಲ್ಲಿ ತೇಲುತ್ತ ಕಳೆಯುತ್ತವೆ. ಆಮೇಲೆ ನೆಲೆ ಹುಡುಕುವಾಗ ಚಟಪಟ ಕೇಳಿದ ದಿಕ್ಕಿಗೆ ಸಾಗುತ್ತವೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಸತ್ತು ಸುಮ್ಮನಾಗಿದ್ದ ಹವಳದ ನಡುವೆ ನೀರೊಳಗಿನ ಧ್ವನಿವರ್ಧಕ ಇಟ್ಟು ಜೀವಂತ ದಿಬ್ಬದ ಸದ್ದನ್ನು ನುಡಿಸಿದಾಗ, ಅಲ್ಲಿಗೆ ಬಂದ ಮೀನುಗಳ ಸಂಖ್ಯೆ ಇಮ್ಮಡಿಯಾಯಿತೆಂದು 2019ರಲ್ಲಿ ವರದಿಯಾಯಿತು. ಊರು ಬದುಕಿದೆ ಎಂಬುದಕ್ಕೆ ಊರಿನ ಗದ್ದಲವೇ ಸಾಕ್ಷಿ.

ನೆಲೆ ಹುಡುಕುವ ಮರಿಗೆ ಬೇಕಾದದ್ದು ಗಟ್ಟಿ ತಳ. ಕಡಲ ತಳದ ಬಹುಭಾಗ ಕೆಸರು, ಮರಳು. ಅಲ್ಲಿ ಅಂಟಿಕೊಂಡು ಬದುಕುವುದು ಅಸಾಧ್ಯ. ಮುಳುಗಿದ ಹಡಗು ಮೀನಿನ ತಾಣವಾಗುವುದು ಇದೇ ಕಾರಣಕ್ಕೆ. ಕಬ್ಬಿಣದ ಮೈಗೆ ಮೊದಲು ಬ್ಯಾಕ್ಟೀರಿಯಾಗಳ ಲೋಳೆ ಹತ್ತುತ್ತದೆ, ಬಳಿಕ ಬಾರ್ನಕಲ್, ನೀಲಿಕಲ್ಲು ಎಂಬ ಚಿಪ್ಪುಜೀವಿಗಳು, ಸ್ಪಂಜು. ಅವನ್ನು ತಿನ್ನಲು ಸಣ್ಣ ಮೀನು, ಸಣ್ಣದನ್ನು ತಿನ್ನಲು ಮುರು, ಕೆಂಬೇರಿಯಂಥ ದೊಡ್ಡ ಮೀನು. ಬಲೆ ಸಿಕ್ಕಿ ಹರಿಯುವುದೆಂದು, ತಳದಲ್ಲಿ ಬಲೆ ಎಳೆಯುವ ಟ್ರಾಲ್ ದೋಣಿಗಳು ದೂರವೇ ಉಳಿಯುವುದರಿಂದ ಮೀನಿಗೆ ರಕ್ಷಣೆಯೂ ಸಿಗುತ್ತದೆ. ಹಾಗೆಂದು ಹಡಗು ಮುಳುಗುವುದು ಒಳ್ಳೆಯದೇನಲ್ಲ. 2006ರಲ್ಲಿ ಕಾರವಾರದ ಬಳಿ ಬಂಡೆಗೆ ಸಿಕ್ಕ ‘ಓಷನ್ ಸೆರಾಯಾ’ದಿಂದ ಸೋರಿದ ಎಣ್ಣೆ ದಡಕ್ಕೆ ಬಡಿದಿತ್ತು. 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ಉಕ್ಕಿನ ಸುರುಳಿ ಹೊತ್ತ ‘ಪ್ರಿನ್ಸೆಸ್ ಮಿರಾಲ್’ ಮುಳುಗಿದಾಗ 15 ಸಿಬ್ಬಂದಿಯನ್ನು ರಕ್ಷಿಸಲಾಯಿತು; ಆಮೇಲೆ ಕಾಡಿದ್ದು ಅದರ ಇಂಧನದ ಚಿಂತೆ.

ಎಣ್ಣೆಯಿಲ್ಲದ ಗಟ್ಟಿ ತಳವನ್ನು ಬೇಕೆಂದೇ ಇಳಿಸುವುದು ಕೃತಕ ದಿಬ್ಬ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇದಕ್ಕಾಗಿ ಕಾಂಕ್ರೀಟಿನ ಟೊಳ್ಳು ರಚನೆಗಳನ್ನು ರೂಪಿಸಿದೆ. ಆದರೆ ತಳಕ್ಕೆ ಏನನ್ನೇ ಇಳಿಸಿದರೂ ಅದು ಮೀನನ್ನು ಬೆಳೆಸುತ್ತದೆ ಎನ್ನುವಂತಿಲ್ಲ. ಕರ್ನಾಟಕದ ಕರಾವಳಿಯಲ್ಲಿ ತೆಂಗಿನ ಹೊಂಬಾಳೆಗಳನ್ನು ಭಾರ ಕಟ್ಟಿ ಮುಳುಗಿಸಿ ಕಪ್ಪೆ ಬೊಂಡಾಸ್ (ಕಟಲ್‌ಫಿಶ್) ಹಿಡಿಯುವ ಪದ್ಧತಿಯಿದೆ. ಅವು ಮೊಟ್ಟೆ ಅಂಟಿಸಲೆಂದು ಹೊಂಬಾಳೆಗೆ ಬರುತ್ತವೆ, ಮೊಟ್ಟೆಯಿಡುವ ಹೊತ್ತಿಗೇ ಗಾಳಕ್ಕೆ ಸಿಗುತ್ತವೆ. ಮರಿಗೆ ಮನೆಯಾದರೆ ದಿಬ್ಬ, ತಾಯಿಗೆ ಬಲೆಯಾದರೆ ಉರುಲು. ಎರಡನ್ನೂ ಬೇರ್ಪಡಿಸುವುದು ಮೀನುಗಾರಿಕೆಯ ನಿಯಮ.

ದಿಬ್ಬದ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ. ನೆನಪಿಗೆಂದು ಒಂದು ಚೂರು ಮುರಿದು ತರುವುದೂ ಅಪರಾಧ. ಕಾಯ್ದೆಗೆ ಸಿಗದ ಅಪಾಯಗಳು ಎರಡು. ಬೇಸಿಗೆಯ ಗರಿಷ್ಠ ಮಟ್ಟಕ್ಕಿಂತ ಒಂದು ಡಿಗ್ರಿ ಹೆಚ್ಚು ಬಿಸಿಯಾದ ನೀರು ಕೆಲವು ವಾರ ನಿಂತರೆ, ಪಾಲಿಪ್ ತನ್ನೊಳಗಿನ ಪಾಚಿಯನ್ನು ಹೊರದಬ್ಬಿ ಬೆಳ್ಳಗಾಗುತ್ತದೆ, ನೀರು ಬೇಗ ತಂಪಾಗದಿದ್ದರೆ ಹಸಿದು ಸಾಯುತ್ತದೆ. ಎರಡನೆಯದು ಹುಳಿ. ನಿಂಬೆರಸ ಚೆಲ್ಲಿದ ಕಡೆ ಪರಸಿ ಕಲ್ಲು ಮಂಕಾಗುವುದನ್ನು ಶಹಾಪುರದ ಪ್ರತಿ ಅಡುಗೆಮನೆಯೂ ಬಲ್ಲದು. ಆಮ್ಲ ಸುಣ್ಣವನ್ನು ತಿನ್ನುತ್ತದೆ. ಹೊಗೆಯ ಇಂಗಾಲದ ಡೈಆಕ್ಸೈಡನ್ನು ಹೀರುತ್ತಿರುವ ಕಡಲು ನಿಂಬೆರಸದಷ್ಟು ಹುಳಿಯಾಗಿಲ್ಲ, ಆಗುವುದೂ ಇಲ್ಲ. ಆದರೆ ಅದರ ಪಿಎಚ್ (ಇದು ಇಳಿದಷ್ಟೂ ಹುಳಿ ಹೆಚ್ಚು) ಕೈಗಾರಿಕಾ ಯುಗದ ಮೊದಲಿನ 8.2ರಿಂದ ಸುಮಾರು 8.1ಕ್ಕೆ ಇಳಿದಿದೆ. ಇಷ್ಟು ಸಣ್ಣ ಇಳಿಕೆಗೇ ಪಾಲಿಪ್‌ಗೆ ತನ್ನ ಬಟ್ಟಲು ಕಟ್ಟಿಕೊಳ್ಳುವುದು ಮೊದಲಿಗಿಂತ ಕಷ್ಟವಾಗಿದೆ.