ಬಣ್ಣವಿಲ್ಲದ ಕೆಂಡದ ಕೋಳಿ: ಗ್ರಾಹಕನ ಕಣ್ಣು, ವ್ಯಾಪಾರಿಯ ಲೆಕ್ಕ

ವಿಜಯಪುರ ನಗರದಲ್ಲಿ ಸಂಜೆ ಏಳರ ಸುಮಾರಿಗೆ ಇದ್ದಿಲಿನ ಒಲೆಯ ಮೇಲೆ ಕೋಳಿ ಸುಡುವ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿರಿ. ಗ್ರಾಹಕನು ಮೊದಲು ವಿಚಾರಿಸುವುದು ಬೆಲೆಯನ್ನಲ್ಲ. ಅವನ ದೃಷ್ಟಿ ಹೋಗುವುದು ಸಲಾಕೆಯ ಕಡೆಗೆ. ಮಾಂಸ ಕೆಂಪಗಿದ್ದರೆ ಒಳಗೆ ಬಂದು ಕೂರುತ್ತಾನೆ. ಕಂದು ಬಣ್ಣದಲ್ಲಿದ್ದರೆ ಖಾರ ಸಾಲದೆಂದು ತಾನೇ ನಿರ್ಣಯಿಸಿ ಮುಂದಿನ ಅಂಗಡಿಗೆ ನಡೆಯುತ್ತಾನೆ. ಒಂದು ತುತ್ತನ್ನೂ ತಿನ್ನದೆ ಕೊಟ್ಟ ಈ ತೀರ್ಪು ಇಂದು ಸಣ್ಣ ಖಾನಾವಳಿಗಾರರಿಗೆ ದೊಡ್ಡ ತೊಡಕಾಗಿದೆ.

ಕಾರಣ ಎಲ್ಲರಿಗೂ ತಿಳಿದದ್ದೇ. 2024ರ ಜೂನ್ ತಿಂಗಳಲ್ಲಿ ರಾಜ್ಯದ ಆಹಾರ ಸುರಕ್ಷತಾ ಆಯುಕ್ತರು ಕೋಳಿ, ಮೀನು ಹಾಗೂ ಸಸ್ಯಾಹಾರಿ ಕಬಾಬ್‌ಗಳಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿದರು. ಪರೀಕ್ಷಿಸಿದ 39 ಮಾದರಿಗಳ ಪೈಕಿ 8 ಅಸುರಕ್ಷಿತವೆಂದು ಕಂಡುಬಂದಿದ್ದವು. ಅವುಗಳಲ್ಲಿದ್ದುದು ಸನ್‌ಸೆಟ್ ಯೆಲ್ಲೋ ಮತ್ತು ಕಾರ್ಮೋಯಿಸಿನ್. ಶಿಕ್ಷೆ ಏಳು ವರ್ಷಗಳಿಂದ ಜೀವಾವಧಿಯವರೆಗೆ, ದಂಡ ಹತ್ತು ಲಕ್ಷ ರೂಪಾಯಿಗಳವರೆಗೆ. ಕಬಾಬ್‌ಗೆ ಮಾತ್ರ ಅನ್ವಯ, ಕೆಂಡದ ಕೋಳಿಗೆ ಅಲ್ಲ ಎಂದು ವಾದಿಸುವ ವರ್ತಕ ಮಿತ್ರರು ಇದ್ದಾರೆ. ಅಂತಹ ವಾದವನ್ನು ನೆಚ್ಚಿ ವ್ಯಾಪಾರ ನಡೆಸುವುದು ಜಾಣತನವೆಂದು ನನಗೆ ತೋರುವುದಿಲ್ಲ.

ನಿಯಮ ಪಾಲಿಸಿದವನ ಕೋಳಿ ಮಂಕಾಗಿ ಕಾಣುತ್ತದೆ, ಪಾಲಿಸದವನದು ಹೊಳೆಯುತ್ತದೆ. ನಷ್ಟ ಪ್ರಾಮಾಣಿಕನಿಗೆ. ಇದಕ್ಕೆ ಉಪಾಯ ದೂರದಲ್ಲಿಲ್ಲ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೆ ಅನೇಕರು ಅದರ ಪುಡಿಯನ್ನು ನೇರವಾಗಿ ಮೊಸರಿಗೆ ಕಲಸಿ, ಬಣ್ಣ ಬರಲಿಲ್ಲವೆಂದು ದೂರುತ್ತಾರೆ. ಮೆಣಸಿನ ಕೆಂಪು ಕರಗುವುದು ನೀರಿನಲ್ಲಲ್ಲ, ಎಣ್ಣೆಯಲ್ಲಿ. ಕಾಯಿಗಳನ್ನು ಬಿಸಿನೀರಿನಲ್ಲಿ ನೆನೆಯಿಟ್ಟು, ನುಣ್ಣಗೆ ಅರೆದು, ಬೆಚ್ಚಗಿನ ಎಣ್ಣೆಯಲ್ಲಿ ಕಲಸಿಟ್ಟು ಅನಂತರ ಮೊಸರು ಸೇರಿಸಿದರೆ ಫಲ ಬೇರೆಯೇ. ಬಣ್ಣದ ಪುಡಿಗಿಂತ ವೆಚ್ಚ ಹೆಚ್ಚು ಎಂಬುದು ನಿಜ. ಆ ವೆಚ್ಚವನ್ನು ತಟ್ಟೆಯ ಬೆಲೆಯಲ್ಲಿ ಸೇರಿಸಲು ಅಂಜುವುದೇಕೆ?

ಗ್ರಾಹಕರ ಇನ್ನೊಂದು ಆಕ್ಷೇಪ, ಮೂಳೆಯ ಹತ್ತಿರ ಹಸಿಯಾಗಿದೆ ಎಂಬುದು. ಇಲ್ಲಿ ಗ್ರಾಹಕನ ಮಾತು ಯಾವಾಗಲೂ ಸರಿಯಲ್ಲ, ಯಾವಾಗಲೂ ತಪ್ಪೂ ಅಲ್ಲ. ಎಳೆಯ ಬ್ರಾಯ್ಲರ್ ಕೋಳಿಯ ಮೂಳೆ ಇನ್ನೂ ಮೃದು. ಬೇಯುವಾಗ ಮಜ್ಜೆಯ ಬಣ್ಣ ಹೊರಬಂದು ಸುತ್ತಲಿನ ಮಾಂಸ ಕೆಂಪಾಗಿ ಕಾಣಬಹುದು. ಬೆಂದಿದೆಯೇ ಎಂಬುದನ್ನು ಕಣ್ಣಿನಿಂದ ಹೇಳಲಾಗದು. ಒಳಗಿನ ಉಷ್ಣತೆ 74 ಡಿಗ್ರಿ ಸೆಲ್ಸಿಯಸ್ ತಲುಪಿರಬೇಕು. ಮಾಂಸಕ್ಕೆ ಚುಚ್ಚುವ ಸಣ್ಣ ಉಷ್ಣಮಾಪಕ ಒಂದೇ ಕ್ಷಣದಲ್ಲಿ ಜಗಳ ಬಗೆಹರಿಸುತ್ತದೆ. ನಮ್ಮ ಒಲೆಗಳ ಬಳಿ ನಾನು ಅದನ್ನು ಕಂಡದ್ದು ಅಪರೂಪ. ಬದಲಿಗೆ ಭಯದಿಂದ ಅತಿಯಾಗಿ ಸುಟ್ಟು, ಎದೆಯ ಮಾಂಸವನ್ನು ನಾರಿನಂತೆ ಒಣಗಿಸುತ್ತಾರೆ. ಆಗ ಎರಡನೆಯ ದೂರು ಸಿದ್ಧ.

ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ 1955ರಿಂದ ಪ್ರಸಿದ್ಧವಾದ ‘ಹುಲಿ ಹುಲಿ’ ಎಂಬ ಕೆಂಡದ ಕೋಳಿಯುಂಟು. ಅಲ್ಲಿಯ ಭಾಷೆಯಲ್ಲಿ ಹುಲಿ ಎಂದರೆ ಮಗುಚು ಎಂದರ್ಥ. ನಮ್ಮ ಕಾಡಿನ ಹುಲಿಗೂ ಅದಕ್ಕೂ ಸಂಬಂಧವಿಲ್ಲ. ಸೋಯಾ ಸಾಸ್, ಶುಂಠಿ, ಕಂದು ಸಕ್ಕರೆ, ಅನಾನಸ್ ರಸ ಸವರಿ ಮತ್ತೆ ಮತ್ತೆ ಮಗುಚುತ್ತಾ ಸುಡುವುದು ಅದರ ಕ್ರಮ. ಅದರ ಬಣ್ಣ ಸಕ್ಕರೆ ಮತ್ತು ಸೋಯಾದಿಂದ ಬರುವ ಕಂದು. ಅಲ್ಲಿಯವರಿಗೆ ಅದೇ ರುಚಿಯ ಗುರುತು. ನಮ್ಮ ಮನೆಯಲ್ಲೊಮ್ಮೆ ಬೆಲ್ಲ ಹಾಕಿ ಪ್ರಯತ್ನಿಸಿದೆವು. ಸಿಹಿಯನ್ನು ಮೊದಲೇ ಸವರಿದ ತಪ್ಪಿಗೆ ಹೊರಗೆ ಕರಿಕಾಯಿತು, ಒಳಗೆ ಬೇಯಲೇ ಇಲ್ಲ. ಸಿಹಿ ಕೊನೆಯ ಕೆಲವು ನಿಮಿಷಗಳಲ್ಲಿ ಮಾತ್ರ ಸವರತಕ್ಕದ್ದು. ಜೋಳದ ರೊಟ್ಟಿಯ ಜೊತೆಗೆ ಸಿಹಿ ಮಾಂಸ ನಮ್ಮ ಜನರಿಗೆ ಹಿಡಿಸೀತೆಂಬ ನಂಬಿಕೆ ನನಗಿಲ್ಲ. ಹುಳಿಗಾದರೆ ಇಂಡಿಯ ನಿಂಬೆ ಇದ್ದೇ ಇದೆ.

ಅಥಣಿ ರಸ್ತೆಯ ತಿಕೋಟಾದಲ್ಲಿ, ಜಮಖಂಡಿ ರಸ್ತೆಯ ಬಬಲೇಶ್ವರದಲ್ಲಿ ಗ್ರಾಹಕನ ಸ್ವಭಾವ ನಗರಕ್ಕಿಂತ ಭಿನ್ನ. ದ್ರಾಕ್ಷಿ ಕಟಾವಿನ ದಿನಗಳಲ್ಲಿ ಕೈಯಲ್ಲಿ ಹಣ ಆಡುತ್ತದೆ. ಶ್ರಾವಣದಲ್ಲಿ ಒಲೆ ಹೆಚ್ಚುಕಡಿಮೆ ತಣ್ಣಗಿರುತ್ತದೆ. ನಗರದವನು ಮುನಿಸಿಕೊಂಡರೆ ಮೊಬೈಲಿನಲ್ಲಿ ಒಂದು ನಕ್ಷತ್ರ ಒತ್ತಿ ಮರೆಯುತ್ತಾನೆ. ಊರಿನವನು ಸಂತೆಯಲ್ಲಿ ಹತ್ತು ಜನರಿಗೆ ಹೇಳುತ್ತಾನೆ, ಮರೆಯುವುದಿಲ್ಲ. ಎರಡರಲ್ಲಿ ಯಾವುದು ಹೆಚ್ಚು ದುಬಾರಿ ಎಂಬುದನ್ನು ವರ್ತಕರೇ ಲೆಕ್ಕ ಹಾಕಬಹುದು.

‘ಇಲ್ಲಿ ಬಣ್ಣ ಬೆರೆಸುವುದಿಲ್ಲ’ ಎಂಬ ಫಲಕ ತೂಗುಹಾಕಿದರೆ ಸಾಕೆಂದು ಕೆಲವರ ಅಭಿಪ್ರಾಯ. ಆದರೆ ಹಳೆಯ ಗಿರಾಕಿ ಅದನ್ನು ಓದಿ, ಹಾಗಾದರೆ ಇಷ್ಟು ದಿನ ಬೆರೆಸುತ್ತಿದ್ದಿರೇನು ಎಂದು ಕೇಳದೆ ಬಿಡುವವನಲ್ಲ. ಅದಕ್ಕಿಂತ ನೆನೆಸಿದ ಬ್ಯಾಡಗಿ ಮೆಣಸಿನಕಾಯಿಯ ಬೋಗುಣಿಯನ್ನು ಒಲೆಯ ಪಕ್ಕದಲ್ಲಿ, ಗಲ್ಲೆಯ ಎದುರಿಗೆ, ಎಲ್ಲರಿಗೂ ಕಾಣುವಂತೆ ಇಡುವುದು ಮೇಲು.