ಶರಾವತಿಯ ಹಿನ್ನೀರಿನಲ್ಲಿ ಒಂದು ಮಳೆಯ ದಿನ

ಮಲೆನಾಡನ್ನು ನೋಡಬೇಕೆಂಬವರು ಸಾಮಾನ್ಯವಾಗಿ ಮಳೆ ನಿಂತು ಬಿಸಿಲು ಬಿದ್ದ ಮೇಲೆ ಹೊರಡುವರು. ಆದರೆ ಸಹ್ಯಾದ್ರಿಯ ನಿಜಸ್ವರೂಪವು ಶ್ರಾವಣದ ಮಳೆಯಲ್ಲಿಯೇ ಕಾಣತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ. 2018ನೆಯ ಇಸವಿಯಲ್ಲಿ, ನಾನಿನ್ನೂ ಅಧ್ಯಾಪಕ ವೃತ್ತಿಯಲ್ಲಿದ್ದಾಗ, ಸೋದರಳಿಯನೊಡನೆ ಸಾಗರದಿಂದ ಸಿಗಂದೂರಿಗೆ ಹೋದ ವೃತ್ತಾಂತವನ್ನು ವಾಚಕರ ಮುಂದಿಡುತ್ತೇನೆ.

ಆವಿನಹಳ್ಳಿಯ ಮಾರ್ಗವನ್ನು ಹಿಡಿಯುತ್ತಲೇ ಮಳೆ ಬಲವಾಯಿತು. ಇಕ್ಕೆಲಗಳಲ್ಲಿಯೂ ಅಡಕೆಯ ತೋಟಗಳು. ಕೊಳೆರೋಗ ತಗಲದಂತೆ ಗೊನೆಗಳಿಗೆ ಕೊಟ್ಟೆ ಕಟ್ಟಿದ್ದರು. ತೋಟದ ಮೇಲೆ ಸೊಪ್ಪಿನ ಬೆಟ್ಟ, ಬೆಟ್ಟದ ಮೇಲೆ ಮೋಡ. ಗದ್ದೆಗಳಲ್ಲಿ ನಾಟಿಯ ಹೆಂಗಸರು ಬಗ್ಗಿದ ಬೆನ್ನನ್ನೆತ್ತದೆ ದುಡಿಯುತ್ತಿದ್ದರು. ಹಿಂದಿನ ಗೊರಬು ಒಂದೂ ಕಣ್ಣಿಗೆ ಬೀಳಲಿಲ್ಲ, ಎಲ್ಲವೂ ಪ್ಲಾಸ್ಟಿಕ್ಕಿನ ಕೊಪ್ಪೆಗಳೇ. ಕಾಳಿದಾಸನ ಯಕ್ಷನು ಮೇಘಕ್ಕೆ ದಾರಿಯನ್ನು ವಿವರಿಸಬೇಕಾಯಿತು. ಪಡುಗಡಲಿನಿಂದ ಬರುವ ಇಲ್ಲಿಯ ಮೇಘಗಳಿಗೆ ಅಂತಹ ಉಪದೇಶದ ಅವಶ್ಯಕತೆಯಿಲ್ಲ. ಘಟ್ಟವು ಅಡ್ಡ ನಿಂತಿರುವುದರಿಂದ ಅವು ತಾವಾಗಿಯೇ ಹೊರೆ ಇಳಿಸುತ್ತವೆ.

ಹೊಳೆಬಾಗಿಲಿನಲ್ಲಿ ರಸ್ತೆಯು ನೀರಿಗೆ ಇಳಿದು ನಿಂತುಹೋಗುತ್ತಿತ್ತು. ಅಲ್ಲಿಂದ ಲಾಂಚು. ಬಸ್ಸು, ಕಾರು, ಅಕ್ಕಿಮೂಟೆ, ಯಾತ್ರಿಕರು, ಶಾಲೆಯ ಮಕ್ಕಳು, ಎಲ್ಲರನ್ನೂ ಒಟ್ಟಿಗೆ ಹೊತ್ತು ಅದು ಗುಡುಗುಟ್ಟುತ್ತ ಹೊರಟಿತು. ನಡುನೀರಿಗೆ ಬಂದಾಗ ಎರಡು ದಡಗಳೂ ಮಂಜಿನಲ್ಲಿ ಅಳಿಸಿಹೋದವು. ದ್ವೀಪಗಳಾಗಿ ಉಳಿದ ಗುಡ್ಡಗಳ ನೆತ್ತಿಗಳು ಒಂದೊಂದಾಗಿ ಮೂಡಿ ಮರೆಯಾಗುತ್ತಿದ್ದವು. ನೀರಿನಿಂದ ಅಲ್ಲಲ್ಲಿ ಒಣಮರದ ಬೊಡ್ಡೆಗಳು ತಲೆಯೆತ್ತಿದ್ದವು. ನನ್ನ ಸೋದರಳಿಯನು ಅವುಗಳ ಚಿತ್ರ ತೆಗೆಯುವುದರಲ್ಲಿ ತನ್ಮಯನಾದನು.

ಪಕ್ಕದಲ್ಲಿ ಕಂಬಳಿ ಹೊದೆದು ನಿಂತಿದ್ದ ವೃದ್ಧರೊಬ್ಬರನ್ನು, "ಯಜಮಾನರೇ, ತಮ್ಮ ಊರು ಯಾವುದು?" ಎಂದು ಕೇಳಿದೆನು.

"ಈಗ ಇರುವುದು ತುಮರಿಯ ಹತ್ತಿರ. ಹುಟ್ಟಿದ್ದು ಅಗೋ, ಅಲ್ಲಿ" ಎಂದು ಅವರು ನೀರಿನ ಕಡೆಗೆ ಕೈ ತೋರಿದರು. "ಆ ಬೊಡ್ಡೆ ಕಾಣುತ್ತದಲ್ಲ ಸ್ವಾಮಿ, ಅದು ನಮ್ಮ ಗದ್ದೆಯಂಚಿನ ಹೊನ್ನೆಮರ."

ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದುದು 1964ರಲ್ಲಿ. ಕೇವಲ 128 ಕಿಲೋಮೀಟರು ಹರಿದು ಕಡಲು ಸೇರುವ ಈ ಚಿಕ್ಕ ನದಿಯ 151 ಟಿ.ಎಂ.ಸಿ. ನೀರನ್ನು ಅದು ಹಿಡಿಯಬಲ್ಲುದು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರದ ಅಣೆಕಟ್ಟೇ ಈ ನೀರಿನಲ್ಲಿ ಮುಳುಗಿತೆಂದ ಮೇಲೆ ಹಳ್ಳಿಗಳ ಮಾತೇನು? ಶರಾವತಿಯ ವಿದ್ಯುತ್ತಿನಿಂದ ನಮ್ಮ ನಗರಗಳು ಬೆಳಗಿದವು, ಕಾರ್ಖಾನೆಗಳು ನಡೆದವು. ಅದರ ಪ್ರಯೋಜನವನ್ನು ನಾವೆಲ್ಲರೂ ಪಡೆದವರೇ.

"ಎಲ್ಲ ಊರಿಗೂ ದೀಪ ಹತ್ತಿತು. ನಮ್ಮ ಮನೆಗೆ ಬರುವ ಹೊತ್ತಿಗೆ ನನಗೆ ಮೊಮ್ಮಕ್ಕಳಾಗಿದ್ದವು" ಎಂದು ಆ ವೃದ್ಧರು ನಗುತ್ತಲೇ ಹೇಳಿದರು. ಸಂಜೆಯ ಕಡೆಯ ಲಾಂಚು ಹೋದ ಮೇಲೆ ಜ್ವರವಾಗಲಿ ಹೆರಿಗೆಯಾಗಲಿ ಬೆಳಗಾಗುವವರೆಗೆ ಕಾಯಬೇಕು, ಇಲ್ಲವೇ ಬಹುದೂರದ ಸುತ್ತುದಾರಿ ಹಿಡಿಯಬೇಕು. ಬೇಸಗೆಯಲ್ಲಿ ನೀರು ಇಳಿದರೆ ಲಾಂಚು ವಾಹನಗಳನ್ನು ಹತ್ತಿಸದು. ಇದನ್ನೆಲ್ಲ ಅವರು ದೂರಿನಂತೆ ಹೇಳಲಿಲ್ಲ. ಹವೆಯ ವಿಚಾರ ಮಾತಾಡುವವರಂತೆ ಹೇಳಿದರು. ಸೋದರಳಿಯನು ಚಿತ್ರ ತೆಗೆಯುವುದನ್ನು ನಿಲ್ಲಿಸಿದ್ದನು.

ಸಿಗಂದೂರಿನಲ್ಲಿ ಚೌಡೇಶ್ವರಿಯ ದರ್ಶನ ಮಾಡಿ, ಊಟ ಮುಗಿಸಿ, ಕಡೆಯ ಲಾಂಚು ತಪ್ಪೀತೆಂಬ ಭಯದಿಂದ ಬೇಗನೆ ಹಿಂದಿರುಗಿದೆವು. ದಿನವಿಡೀ ಮಳೆ ಒಂದು ಕ್ಷಣವೂ ನಿಲ್ಲಲಿಲ್ಲ.

ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಸೇತುವೆಯು 2025ನೆಯ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಅಣೆಕಟ್ಟಿನಿಂದ ಎಣಿಸಿದರೆ ಅರುವತ್ತೊಂದು ವರ್ಷ. ಆ ಮಳೆಗಾಲದಲ್ಲಿಯೇ ಸೋದರಳಿಯನು ಹೆಂಡತಿ ಮಕ್ಕಳೊಡನೆ ಅದರ ಮೇಲೆ ಹೋಗಿಬಂದನು. ದಾಟುವುದಕ್ಕೆ ಐದು ನಿಮಿಷವೂ ಹಿಡಿಯಲಿಲ್ಲವಂತೆ. ಹೊನ್ನೆಯ ಬೊಡ್ಡೆಯನ್ನು ಮಕ್ಕಳಿಗೆ ತೋರಿಸಬೇಕೆಂದು ನೋಡಿದನಂತೆ. ಮಂಜಿನಲ್ಲಿ ಅದು ಕಾಣಲಿಲ್ಲ.